ಬೆಟ್ಟ ಹತ್ತಿಳಿಯುವ ಸೈಕಲ್ಲು: ಹೊಸಬರಿಗೊಂದು ಪದಪರಿಚಯ

ದಪ್ಪ ಟಯರು, ಒಂದಷ್ಟು ಗೇರು, ಮುಂದೆರಡು ಸ್ಪ್ರಿಂಗು. ಇಷ್ಟಿದ್ದರೆ ಅದು ಮೌಂಟನ್ ಬೈಕ್ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸೈಕಲ್ ಅಂಗಡಿಗೆ ಹೋದವರು ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಮನೆಗೆ ತರುತ್ತಾರೆ. ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿದ ಆ ಸೈಕಲ್ಲು ಬೆಟ್ಟದ ಮೊದಲ ಇಳಿಜಾರಿನಲ್ಲೇ ಕೈಕೊಡುತ್ತದೆ. ಕೈಕೊಡುವುದು ಸೈಕಲ್ಲು, ಮುರಿಯುವುದು ಸವಾರನ ಕೈ. ಈ ಆಟದ ಪರಿಭಾಷೆಯನ್ನು ಮೊದಲೇ ಅರಿತಿದ್ದರೆ ಹಣವೂ ಉಳಿದೀತು, ಮೂಳೆಯೂ ಉಳಿದೀತು.

ಹುಟ್ಟಿದ್ದು ಹೀಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿ ಈ ಕ್ರೀಡೆಯ ತವರು. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಒಯ್ದು ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಅದೇ ಪಂದ್ಯವಾಯಿತು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಅಂದಿನ ಬ್ರೇಕು ಇಳಿಜಾರಿನುದ್ದಕ್ಕೂ ಕಾದು, ಹಿಂಬದಿ ಹಬ್ಬಿನ ಗ್ರೀಸು ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಹಾಗಾಗಿ ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರೇ ನಿಂತಿತು.

ಜೋ ಬ್ರೀಝ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಈ ಕಾಲದ ಪ್ರಮುಖರು. ಬೆಟ್ಟದ ಸವಾರಿಗೆಂದೇ ಬ್ರೀಝ್ 1977ರಲ್ಲಿ ಹೊಸ ಫ್ರೇಮು ಕಟ್ಟಿದರು. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ವಿಭಾಗಕ್ಕೆ ಪ್ರವೇಶ ದೊರೆಯಿತು.

ಸೈಕಲ್ಲಿನ ಅಂಗಾಂಗ

ಫ್ರೇಮು: ಸೈಕಲ್ಲಿನ ಅಸ್ಥಿಪಂಜರ. ಉಕ್ಕು, ಅಲ್ಯುಮಿನಿಯಂ ಅಥವಾ ಕಾರ್ಬನ್‌ನಿಂದ ತಯಾರಾಗುತ್ತದೆ. ಮುಂದೆ ಮಾತ್ರ ಸಸ್ಪೆನ್ಷನ್ ಇದ್ದರೆ ಹಾರ್ಡ್‌ಟೇಲ್, ಹಿಂದೆಯೂ ಇದ್ದರೆ ಫುಲ್ ಸಸ್ಪೆನ್ಷನ್, ಎರಡೂ ಇಲ್ಲದಿದ್ದರೆ ರಿಜಿಡ್. ಫ್ರೇಮಿನ ಅಳತೆ ಸವಾರನ ಎತ್ತರಕ್ಕೆ ಹೊಂದಬೇಕು. ‘ಮಗ ಬೆಳೆಯುತ್ತಾನೆ, ಒಂದು ಅಳತೆ ದೊಡ್ಡದೇ ಇರಲಿ’ ಎಂಬ ಲೆಕ್ಕಾಚಾರ ಅಂಗಿಗೆ ಸರಿ, ಸೈಕಲ್ಲಿಗಲ್ಲ.

ಫೋರ್ಕು: ಮುಂದಿನ ಚಕ್ರವನ್ನು ಹಿಡಿದಿರುವ ಕವೆ. ಇದರೊಳಗೆ ಉಕ್ಕಿನ ಸ್ಪ್ರಿಂಗು ಅಥವಾ ಗಾಳಿ ಇರುತ್ತದೆ. ಅದು ಎಷ್ಟು ಕುಗ್ಗಬಲ್ಲದೋ ಅದೇ ‘ಟ್ರಾವೆಲ್’. ಕುಗ್ಗಿದ ಸ್ಪ್ರಿಂಗು ಒಮ್ಮೆಲೇ ಪುಟಿಯದಂತೆ ತಡೆಯುವ ಎಣ್ಣೆಯ ವ್ಯವಸ್ಥೆಗೆ ‘ಡ್ಯಾಂಪಿಂಗ್’ ಎನ್ನುತ್ತಾರೆ. ಅಗ್ಗದ ಸೈಕಲ್ಲುಗಳಲ್ಲಿ ಸ್ಪ್ರಿಂಗು ಇರುತ್ತದೆ, ಡ್ಯಾಂಪಿಂಗ್ ಇರುವುದಿಲ್ಲ. ಅಂಥದ್ದು ಗುಂಡಿ ದಾಟಿದೊಡನೆ ಸವಾರನನ್ನು ಚೆಂಡಿನಂತೆ ಮೇಲಕ್ಕೆಸೆಯುತ್ತದೆ.

ಬ್ರೇಕು: ರಿಮ್ಮನ್ನು ಹಿಡಿಯುವ ರಬ್ಬರ್ ಕಟ್ಟೆಗಳ ಜಾಗದಲ್ಲಿ ಈಗ ಡಿಸ್ಕ್ ಬ್ರೇಕು ಬಂದಿದೆ. ಹಬ್ಬಿಗೆ ಜೋಡಿಸಿದ ಲೋಹದ ತಟ್ಟೆಯೇ ರೋಟರ್. ತಂತಿಯಿಂದ ಎಳೆಯುವುದು ಮೆಕ್ಯಾನಿಕಲ್, ಕೊಳವೆಯಲ್ಲಿನ ದ್ರವದ ಒತ್ತಡದಿಂದ ಹಿಡಿಯುವುದು ಹೈಡ್ರಾಲಿಕ್. ಎರಡನೆಯದರಲ್ಲಿ ಒಂದೇ ಬೆರಳು ಸಾಕು. ರೋಟರಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯದು. ಇಳಿದ ಕೂಡಲೇ ಅದನ್ನು ಮುಟ್ಟಿದರೆ ಬೆರಳು ಸುಡುವುದು ಖಚಿತ.

ಗೇರು: ಪೆಡಲಿನ ಬಳಿಯ ಹಲ್ಲುಚಕ್ರ ಚೈನ್‌ರಿಂಗ್, ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು ಕ್ಯಾಸೆಟ್, ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಡಿರೇಲರ್. ಹಿಂದೆ ಮುಂಭಾಗದಲ್ಲಿ 3 ಚೈನ್‌ರಿಂಗ್ ಇರುವುದು ವಾಡಿಕೆಯಾಗಿತ್ತು. ಇಂದಿನ ಉತ್ತಮ ಸೈಕಲ್ಲುಗಳಲ್ಲಿ ಮುಂದೆ ಒಂದೇ, ಹಿಂದೆ 12ರವರೆಗೂ ಇರುತ್ತವೆ. ಏರು ಹತ್ತಲು ಹಿಂದಿನ ದೊಡ್ಡ ಚಕ್ರ, ವೇಗಕ್ಕೆ ಚಿಕ್ಕದು. ಏರು ಎದುರಾಗುವ ಮುನ್ನವೇ ಗೇರು ಬದಲಿಸಬೇಕು. ಭಾರ ಹಾಕಿ ತುಳಿಯುವಾಗ ಬದಲಿಸಿದರೆ ಚೈನು ಕಳಚೀತು, ತುಂಡಾದರೂ ಆದೀತು.

ಚಕ್ರ, ಟಯರು: ಮೊದಲು 26 ಇಂಚಿನ ಚಕ್ರವೇ ಎಲ್ಲೆಡೆ ಇತ್ತು. ಈಗ 29 ಇಂಚು ಮುಂಚೂಣಿಯಲ್ಲಿದೆ, 27.5 ಇಂಚು ನಡುವಿನದು. ದೊಡ್ಡ ಚಕ್ರ ಕಲ್ಲುಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ, ಚಿಕ್ಕದು ಚುರುಕಾಗಿ ತಿರುಗುತ್ತದೆ. ಟ್ಯೂಬಿಲ್ಲದೆ, ಒಳಗೆ ಅಂಟುದ್ರವ ತುಂಬಿದ ಟಯರಿಗೆ ಟ್ಯೂಬ್‌ಲೆಸ್ ಎನ್ನುತ್ತಾರೆ. ಸಣ್ಣ ಮುಳ್ಳಿನ ತೂತನ್ನು ಆ ದ್ರವವೇ ಮುಚ್ಚುತ್ತದೆ. ಗಾಳಿ ಕಲ್ಲಿನಂತೆ ಗಟ್ಟಿಯಾಗಿರಬೇಕೆಂಬುದು ತಪ್ಪು ಕಲ್ಪನೆ. ಟ್ಯೂಬ್‌ಲೆಸ್ ಟಯರಿಗೆ ಸಾಮಾನ್ಯವಾಗಿ 20ರಿಂದ 30 ಪಿಎಸ್ಐ ಸಾಕು. ಟ್ಯೂಬಿದ್ದರೆ ತುಸು ಹೆಚ್ಚಿರಲಿ. ಇಲ್ಲವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ತೂತು ಬೀಳುತ್ತವೆ. ಹಾವು ಕಚ್ಚಿದಂತೆ ಕಾಣುವುದರಿಂದ ಅದಕ್ಕೆ ‘ಸ್ನೇಕ್ ಬೈಟ್’ ಎಂದೇ ಹೆಸರು.

ಡ್ರಾಪರ್ ಪೋಸ್ಟ್: ಹ್ಯಾಂಡಲಿನ ಲಿವರ್ ಒತ್ತಿ ಸೀಟನ್ನು ತಗ್ಗಿಸುವ, ಏರಿಸುವ ಕಂಬ. ಇಳಿಯುವಾಗ ಸೀಟು ತಗ್ಗಿದ್ದರೆ ಮೈ ಆಡಲು ಜಾಗ ಸಿಗುತ್ತದೆ.

ಸವಾರಿಯ ಬಗೆಗಳು

ಕ್ರಾಸ್ ಕಂಟ್ರಿ: ಏರು, ಇಳಿಜಾರು, ಸಮತಟ್ಟು ಎಲ್ಲವೂ ಇರುವ ಹಾದಿ. ದಮ್ಮು ಮುಖ್ಯ. ಹಗುರ ಸೈಕಲ್ಲು, 100ರಿಂದ 120 ಮಿ.ಮೀ. ಟ್ರಾವೆಲ್.

ಟ್ರೇಲ್: ಪಂದ್ಯದ ಹಂಗಿಲ್ಲದ ಸವಾರಿ. 120ರಿಂದ 150 ಮಿ.ಮೀ. ಟ್ರಾವೆಲ್‌ನ ಸೈಕಲ್ಲು ಬಹುಪಾಲು ಹವ್ಯಾಸಿಗಳಿಗೆ ಒಗ್ಗುವಂಥದ್ದು.

ಎಂಡ್ಯೂರೊ: ಇಳಿಜಾರಿನ ಹಂತಗಳಿಗೆ ಮಾತ್ರ ಗಡಿಯಾರ ಓಡುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ತುಳಿದುಕೊಂಡೇ ಹೋಗಬೇಕು.

ಡೌನ್‌ಹಿಲ್: ಕೇವಲ ಇಳಿಯುವ ಪಂದ್ಯ. 200 ಮಿ.ಮೀ. ಆಸುಪಾಸಿನ ಟ್ರಾವೆಲ್, ಮುಖ ಮುಚ್ಚುವ ಹೆಲ್ಮೆಟ್ಟು. ಹೊಸಬರ ಮೊದಲ ಪಾಠ ಇದಲ್ಲ.

ಫ್ರೀರೈಡ್, ಡರ್ಟ್ ಜಂಪ್: ಬಂಡೆಯಿಂದ ನೆಗೆತ, ಮಣ್ಣಿನ ದಿಬ್ಬಗಳ ಮೇಲಿನ ಹಾರಾಟ. ಇಲ್ಲಿ ಸಮಯಕ್ಕಿಂತ ಸಾಹಸಕ್ಕೆ ಬೆಲೆ.

ಹಾದಿಯ ಮಾತು

ಒಂದೇ ಸೈಕಲ್ಲು ಸಾಗುವಷ್ಟು ಅಗಲದ ಕಾಲುಹಾದಿ ‘ಸಿಂಗಲ್ ಟ್ರ್ಯಾಕ್’. ಗಾಡಿಯ ಎರಡು ಜಾಡಿರುವುದು ‘ಡಬಲ್ ಟ್ರ್ಯಾಕ್’. ಘಾಟಿಯ ಹೇರ್‌ಪಿನ್ ತಿರುವಿನಂಥದ್ದು ‘ಸ್ವಿಚ್‌ಬ್ಯಾಕ್’. ತಿರುವಿನ ಹೊರ ಅಂಚಿಗೆ ಕಟ್ಟಿದ ಮಣ್ಣಿನ ಏರಿ ‘ಬರ್ಮ್’. ಕಲ್ಲುಗಳೇ ಹಾಸಿರುವ ತುಣುಕು ‘ರಾಕ್ ಗಾರ್ಡನ್’. ಇವುಗಳ ನಡುವೆ ಸವಾರ ಆಯ್ದುಕೊಳ್ಳುವ ದಾರಿ ‘ಲೈನ್’. ತಿನ್ನದೆ, ಕುಡಿಯದೆ ತುಳಿದು ಏಕಾಏಕಿ ಬಸವಳಿದರೆ ಅದು ‘ಬಾಂಕ್’.

ಬೀಳದಂತೆ ಇಳಿಯುವುದು

ಹೊಸಬರ ಅಪಘಾತಗಳಲ್ಲಿ ಭಯಾನಕವಾದದ್ದು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಉರುಳುವುದು. ಸೈಕಲ್ಲನ್ನು ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ. ಆದರೆ ದೇಹದ ಭಾರ ಮುಂದಿರುವಾಗ ಅದನ್ನು ಗಟ್ಟಿಯಾಗಿ ಹಿಡಿದರೆ ಹಿಂದಿನ ಚಕ್ರ ಎದ್ದೇಳುತ್ತದೆ. ಎಡ, ಬಲ ಲಿವರುಗಳಲ್ಲಿ ಮುಂದಿನ ಬ್ರೇಕು ಯಾವುದು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಬಲ, ಅಮೆರಿಕದಲ್ಲಿ ಎಡ. ಕೊಂಡ ದಿನವೇ ಇದನ್ನು ಪರೀಕ್ಷಿಸಿ ತಿಳಿಯಬೇಕು.

ಇಳಿಯುವಾಗ ಸೀಟಿನಿಂದೆದ್ದು ನಿಲ್ಲಬೇಕು. ಪೆಡಲುಗಳೆರಡೂ ನೆಲಕ್ಕೆ ಸಮಾನಾಂತರ, ಮೊಣಕೈ-ಮೊಣಕಾಲು ಸಡಿಲ, ಸೊಂಟ ತುಸು ಹಿಂದೆ, ಎರಡೂ ಲಿವರಿನ ಮೇಲೆ ಒಂದೊಂದು ಬೆರಳು. ಎರಡು ಬ್ರೇಕನ್ನೂ ಹದವಾಗಿ, ತಿರುವಿಗೆ ಮುನ್ನವೇ ಬಳಸಬೇಕು. ದೃಷ್ಟಿ ಹೋಗಬೇಕಾದ ಕಡೆಗಿರಲಿ. ಕಲ್ಲನ್ನೇ ದಿಟ್ಟಿಸಿದವನು ಕಲ್ಲಿಗೇ ಗುದ್ದುತ್ತಾನೆ.

ಕೊಳ್ಳುವ ಮುನ್ನ

ಬಜೆಟ್ ಸೀಮಿತವಾಗಿದ್ದರೆ ಎರಡು ಕಡೆ ಸ್ಪ್ರಿಂಗಿರುವ ಅಗ್ಗದ ಸೈಕಲ್ಲಿಗಿಂತ, ಒಳ್ಳೆಯ ಫೋರ್ಕು ಮತ್ತು ಡಿಸ್ಕ್ ಬ್ರೇಕಿರುವ ಹಾರ್ಡ್‌ಟೇಲ್ ಲೇಸು. ಮೊದಲನೆಯದು ಭಾರ, ತುಳಿದ ಶಕ್ತಿಯಲ್ಲಿ ಒಂದು ಪಾಲು ಸ್ಪ್ರಿಂಗಿಗೇ ಹೋಗುತ್ತದೆ. ಹೆಲ್ಮೆಟ್ಟು, ಕೈಗವಸು, ಪಂಪು, ಪಂಕ್ಚರ್ ಸಾಮಗ್ರಿಗಳ ಖರ್ಚನ್ನು ಮೊದಲೇ ತೆಗೆದಿಟ್ಟು, ಉಳಿದ ಹಣಕ್ಕೆ ಸೈಕಲ್ಲು ನೋಡುವುದು ಜಾಣತನ.

ಬೆಂಗಳೂರಿನವರಿಗೆ ದೇವನಹಳ್ಳಿ ಬಳಿಯ ಅವತಿ ಬೆಟ್ಟದ ಹಾದಿಗಳು ಪರಿಚಿತ. ಮಲೆನಾಡಿನ ಕಾಲುದಾರಿಗಳು ಕೈಬೀಸಿ ಕರೆಯುತ್ತವೆ ನಿಜ, ಆದರೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಮೀಸಲು ಅರಣ್ಯಗಳೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಏರುತ್ತಿರುವವರಿಗೆ ಇಳಿಯುವವರು ದಾರಿ ಬಿಡಬೇಕು. ನಡೆದು ಹೋಗುವವರಿಗೆ, ದನಕರುಗಳಿಗೆ ಇಬ್ಬರೂ ಬಿಡಬೇಕು. ಆ ಕಾಲುಹಾದಿಯನ್ನು ಸವೆಸಿದವರು ಅವರೇ ತಾನೆ?