ಆರೋಗ್ಯ ಕಾರ್ಯಕರ್ತರ ತರಬೇತಿ: ಕಾರವಾರ–ಅಂಕೋಲಾ ಸೀಮೆ

ಕಾಳಿ ನದಿ ಕಡಲು ಸೇರುವ ಕೋಡಿಬಾಗದಿಂದ ಅಂಕೋಲಾ ತಾಲ್ಲೂಕಿನ ಘಟ್ಟದಂಚಿನ ಊರುಗಳವರೆಗೆ, ಡಾಕ್ಟರಿಗಿಂತ ಮೊದಲು ಮನೆಬಾಗಿಲಿಗೆ ಬರುವವರು ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆ. ಅವರಿಗೆ ಕಲಿಸುವ ವ್ಯವಸ್ಥೆ ನಿಧಾನವಾಗಿ ಬೆಳೆಯಿತು. ಕಲಿತವರಿಗೆ ಆಸರೆಯಾಗುವ ವ್ಯವಸ್ಥೆ ಇನ್ನೂ ಹಿಂದುಳಿದಿದೆ.

ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯನ್ನು ಅನುಸರಿಸಿ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡವು. ಮಲೇರಿಯಾಕ್ಕೊಬ್ಬರು, ಸಿಡುಬಿಗೊಬ್ಬರು, ಕುಟುಂಬ ಯೋಜನೆಗೊಬ್ಬರು ಎಂದು ಹಂಚಿಹೋಗಿದ್ದ ಕೆಲಸವನ್ನು ಬಹೂದ್ದೇಶ ಕಾರ್ಯಕರ್ತರಿಗೆ ವಹಿಸಬೇಕೆಂದು 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಹೇಳಿತು. ಆದರೆ 1977ರಲ್ಲಿ ನರ್ಸಮ್ಮಂದಿರ (ಎಎನ್‌ಎಂ) ತರಬೇತಿಯನ್ನು ಎರಡು ವರ್ಷದಿಂದ 18 ತಿಂಗಳಿಗೆ ಇಳಿಸಲಾಯಿತು. ಹೊಣೆ ಹೆಚ್ಚಿದ ಹೊತ್ತಿನಲ್ಲೇ ಕಲಿಕೆ ಮೊಟಕಾದದ್ದು ದೊಡ್ಡ ತಪ್ಪು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೊಬ್ಬ ಆಶಾ ಎಂಬ ಲೆಕ್ಕ ಹಾಕಿತು. ಮೊದಲ ಹಂತದ ತರಬೇತಿ 23 ದಿನ. ಆಮೇಲೆ ಸೇರಿದ ಆರು ಮತ್ತು ಏಳನೇ ಪಠ್ಯಗಳಿಗೆ ನಾಲ್ಕು ಸುತ್ತುಗಳಲ್ಲಿ 20 ದಿನ. ಈ ಪಾಠದ ಮೂಲ ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿ, ನವಜಾತ ಶಿಶುಮರಣವನ್ನು ಅರ್ಧಕ್ಕಿಂತ ಕೆಳಗಿಳಿಸಿ ತೋರಿಸಿದ್ದರು. 2011ರಿಂದ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವನ್ನು ತೂಗಿ, ಮೈಬಿಸಿ ನೋಡಿ, ಅಪಾಯದ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸುತ್ತಾಳೆ. ಕೈಯಲ್ಲಿ ಇಷ್ಟು ಕಸುಬಿದ್ದರೂ ಆಕೆಯನ್ನು ಇಂದಿಗೂ ಕರೆಯುವುದು ಸ್ವಯಂಸೇವಕಿ ಎಂದೇ. ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. 2020ರ ಜುಲೈನಲ್ಲಿ, ಕೊರೋನಾ ನಡುವೆಯೇ, ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಕೇಳಿ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಧರಣಿ ಕೂತ ಮೇಲೆ ಸರ್ಕಾರ 10,000 ರೂಪಾಯಿಯ ಭರವಸೆ ಕೊಟ್ಟಿತು.

ವೈದ್ಯರ ತರಬೇತಿ ಈ ಸೀಮೆಯಿರುವ ಉತ್ತರ ಕನ್ನಡ ಜಿಲ್ಲೆಗೆ ಬಂದದ್ದು ತಡವಾಗಿ. ಜಿಲ್ಲಾಸ್ಪತ್ರೆಗೆ ಹೊಂದಿಕೊಂಡ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಕ್ರಿಮ್ಸ್) 2016ರಲ್ಲಿ 150 ವಿದ್ಯಾರ್ಥಿಗಳ ತರಗತಿ ತೆರೆಯಿತು. ಆದರೂ ಗಂಭೀರ ಕಾಯಿಲೆಯಾದರೆ ಜನ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ದೊಡ್ಡ ಕೂಗೆದ್ದಿತು. 2024ರಲ್ಲಿ ಹೊರಗಿನ ಆಸ್ಪತ್ರೆಗಳಿಗೆ ಹೋಗುವ ದಾರಿಗಳೇ ಕೈಕೊಟ್ಟವು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕೋಡಿಬಾಗ–ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಮುರಿದುಬಿದ್ದು, ಗೋವಾ ಕಡೆಗೆ ಹೊಸ ಸೇತುವೆಯೊಂದೇ ಉಳಿಯಿತು.

ಹಾಗಾಗಿ ದೊಡ್ಡ ಆಸ್ಪತ್ರೆಯ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೇ ಈ ನೆಲದಲ್ಲಿ ಕಲಿತ ವೈದ್ಯರು, ದಾದಿಯರು, ಆಶಾಗಳು ಇಲ್ಲೇ ನಿಲ್ಲುವಂತೆ ನಿಗದಿತ ವೇತನ, ವಸತಿ, ಮುಂದಿನ ಕಲಿಕೆಯ ಅವಕಾಶಗಳನ್ನು ಸರ್ಕಾರ ಒದಗಿಸಬೇಕು.