ನಿಶ್ಚಿತಾರ್ಥ ಊರಿನಲ್ಲಿ, ಸಂಸಾರ ಹೊರದೇಶದಲ್ಲಿ: ಯಾವ ವೀಸಾ ಮಾರ್ಗ ಸೂಕ್ತ?

ಅಡಿಕೆ ತೋಟಗಳ ಚನ್ನಗಿರಿಯಿಂದ ಮಳೆಯನ್ನೇ ನಂಬಿದ ಜಗಳೂರಿನವರೆಗೆ, ದಾವಣಗೆರೆ ಜಿಲ್ಲೆಯಲ್ಲಿಯೂ ವಿದೇಶದಲ್ಲಿ ನೆಲೆಸಿದವರೊಡನೆ ಬೆಳೆಯುವ ಸಂಬಂಧಗಳು ಅಪರೂಪವಾಗಿ ಉಳಿದಿಲ್ಲ. ನಿಶ್ಚಿತಾರ್ಥ ಮುಗಿದೊಡನೆ ಎರಡೂ ಮನೆಗಳನ್ನು ಕಾಡುವ ಪ್ರಶ್ನೆ ಒಂದೇ: ಮದುವೆಗೆ ಮುನ್ನ ಹೋಗುವುದೋ, ಮದುವೆಯಾಗಿ ಹೋಗುವುದೋ? ಇದಕ್ಕೆ ಉತ್ತರ ದೊರೆಯುವುದು ಮುಹೂರ್ತದಿಂದಲ್ಲ, ವಿದೇಶದಲ್ಲಿರುವವರ ಕಾನೂನು ಸ್ಥಾನಮಾನದಿಂದ. ಅವರು ಆ ದೇಶದ ಪೌರರೋ, ಕಾಯಂ ನಿವಾಸಿಯೋ ಅಥವಾ ಉದ್ಯೋಗ ವೀಸಾದಲ್ಲಿರುವವರೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಅಮೆರಿಕ: ಎರಡು ದಾರಿ

ವಾಗ್ದತ್ತ ವಧು ಅಥವಾ ವರನಿಗೆ ನೀಡುವ ಕೆ-1 ವೀಸಾಕ್ಕೆ ಅರ್ಜಿ ಸಲ್ಲಿಸಲು ಅಮೆರಿಕದ ಪೌರರಿಗೆ ಮಾತ್ರ ಅವಕಾಶವಿದೆ. ಐ-129ಎಫ್ ನಮೂನೆ ಸಲ್ಲಿಸುವ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು. ಹಿರಿಯರೇ ನಿಶ್ಚಯಿಸಿದ ಸಂಬಂಧವೆಂಬ ಕಾರಣಕ್ಕೆ ವಿನಾಯಿತಿ ಬೇಕಾದರೆ, ವಿವಾಹಪೂರ್ವ ಭೇಟಿ ಕಟ್ಟುನಿಟ್ಟಾದ ಸಂಪ್ರದಾಯಕ್ಕೆ ವಿರುದ್ಧವೆಂದು ಸಾಬೀತುಪಡಿಸಬೇಕಾಗುತ್ತದೆ. ವಿಡಿಯೋ ಕರೆ ಭೇಟಿಯೆನಿಸದು. ಅಮೆರಿಕ ತಲುಪಿದ 90 ದಿನಗಳೊಳಗೆ ಅರ್ಜಿದಾರರನ್ನೇ ಮದುವೆಯಾಗಬೇಕು. ಆಗದಿದ್ದಲ್ಲಿ ಮರಳಬೇಕು, ಬೇರೊಬ್ಬರ ಮೂಲಕ ಅಲ್ಲಿಯೇ ಗ್ರೀನ್ ಕಾರ್ಡ್ ಪಡೆಯಲು ಅವಕಾಶವಿಲ್ಲ.

ಎರಡನೆಯದು, ಮದುವೆಯ ನಂತರ ಐ-130 ನಮೂನೆಯ ಮೂಲಕ ಪಡೆಯುವ ಪತಿ-ಪತ್ನಿ ವೀಸಾ. ಇದರಲ್ಲಿ ಕಾಯುವಿಕೆ ಹೆಚ್ಚೆನಿಸಿದರೂ, ಅಮೆರಿಕದಲ್ಲಿ ಕಾಲಿಟ್ಟ ದಿನವೇ ಕಾಯಂ ನಿವಾಸಿಯ ಸ್ಥಾನ ಮತ್ತು ದುಡಿಯುವ ಹಕ್ಕು ದೊರೆಯುತ್ತವೆ. ಆ ವೇಳೆಗೆ ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಈ ಸ್ಥಾನ ಎರಡು ವರ್ಷಗಳ ಷರತ್ತಿಗೆ ಒಳಪಡುತ್ತದೆ. ಕೆ-1 ಮೂಲಕ ಹೋದವರು ಮದುವೆಯ ನಂತರ ಐ-485 ನಮೂನೆ ಸಲ್ಲಿಸಿ, ಕೆಲಸದ ಪರವಾನಗಿಗೂ ವಿದೇಶ ಪ್ರಯಾಣದ ಅನುಮತಿಗೂ ಪ್ರತ್ಯೇಕವಾಗಿ ಕಾಯಬೇಕು.

ವೆಚ್ಚದಲ್ಲಿಯೂ ಅಂತರವಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಐ-129ಎಫ್‌ಗೆ 675 ಡಾಲರ್, ಐ-485ಕ್ಕೆ 1,440 ಡಾಲರ್, ಆನ್‌ಲೈನ್ ಐ-130ಕ್ಕೆ 625 ಡಾಲರ್ ನಿಗದಿಯಾಯಿತು. ವೀಸಾ ಶುಲ್ಕ, ವೈದ್ಯಕೀಯ ತಪಾಸಣೆ ಇವುಗಳಿಗೆ ಹೊರತು.

ಗ್ರೀನ್ ಕಾರ್ಡ್, ಎಚ್-1ಬಿ ಹೊಂದಿದವರು

ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ ಕೆ-1 ಅನ್ವಯಿಸದು. ಅವರು ಮದುವೆಯಾಗಿ, ವಾರ್ಷಿಕ ಮಿತಿಯುಳ್ಳ ಎಫ್2ಎ ವರ್ಗದಲ್ಲಿ ಸರದಿಗೆ ಕಾಯಬೇಕು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ನಿರೀಕ್ಷಿಸುತ್ತಿರುವವರ ವಿಷಯದಲ್ಲಿ ಮದುವೆಯ ದಿನಾಂಕವೇ ನಿರ್ಣಾಯಕ. ಕಾರ್ಡ್ ಮಂಜೂರಾಗುವ ಮೊದಲೇ ಮದುವೆಯಾಗಿದ್ದರೆ ಸಂಗಾತಿಗೆ ಅದೇ ಅರ್ಜಿಯ ಆಧಾರದಲ್ಲಿ ಹಕ್ಕು ದೊರೆಯುತ್ತದೆ. ಆನಂತರವಾದರೆ ಪ್ರತ್ಯೇಕ ಸರದಿ.

ಎಚ್-1ಬಿ ನೌಕರರ ಪತಿ ಅಥವಾ ಪತ್ನಿಗೆ ಎಚ್-4 ವೀಸಾ ಉಂಟು, ವಾಗ್ದತ್ತರಿಗಿಲ್ಲ. ಎಚ್-4 ಪಡೆದವರೆಲ್ಲರೂ ದುಡಿಯುವಂತಿಲ್ಲ. 2015ರ ನಿಯಮದಂತೆ, ಸಂಗಾತಿಯ ಐ-140 ಅರ್ಜಿ ಮಂಜೂರಾದಂತಹ ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಕೆಲಸದ ಪರವಾನಗಿ ಕೋರಬಹುದು. ಉದ್ಯೋಗ ತೊರೆದು ಹೊರಡುವ ಹೆಣ್ಣುಮಕ್ಕಳು ಇದನ್ನು ಮುಂಚಿತವಾಗಿಯೇ ಅರಿತಿರುವುದು ಒಳಿತು.

ಇತರ ದೇಶಗಳು

ಬ್ರಿಟನ್ನಿನ ವಾಗ್ದತ್ತ ವೀಸಾದ ಅವಧಿ 6 ತಿಂಗಳು; ಅಷ್ಟರಲ್ಲಿ ಮದುವೆಯಾಗಬೇಕು, ಕೆಲಸ ಮಾಡುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಹೊಸ ಅರ್ಜಿಗಳಿಗೆ ಕನಿಷ್ಠ ವಾರ್ಷಿಕ ಆದಾಯವನ್ನು 29,000 ಪೌಂಡಿಗೆ ಏರಿಸಲಾಯಿತು. ಆಸ್ಟ್ರೇಲಿಯಾದಲ್ಲಿ ವಾಗ್ದತ್ತರಿಗೆ 300ನೇ ಉಪವರ್ಗ, ವಿವಾಹಿತರಿಗೆ 309ನೇ ಉಪವರ್ಗದ ವೀಸಾಗಳಿವೆ. ಕೆನಡಾದಲ್ಲಿ ವಾಗ್ದತ್ತರಿಗೆಂದೇ ಪ್ರತ್ಯೇಕ ವರ್ಗವಿಲ್ಲ.

ಶಾಸ್ತ್ರಕ್ಕೆ ಮುನ್ನ ನೋಂದಣಿ: ಅಪಾಯದ ಹಾದಿ

ವೀಸಾ ಬೇಗ ಸಿಗಲೆಂದು, ಶಾಸ್ತ್ರೋಕ್ತ ಮದುವೆಗೆ ತಿಂಗಳುಗಳ ಮೊದಲೇ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸುವ ಪರಿಪಾಠವಿದೆ. ಇಬ್ಬರು ಪೈಲಟ್‌ಗಳ ಪ್ರಕರಣದಲ್ಲಿ 2024ರ ಏಪ್ರಿಲ್ 19ರಂದು ಆದೇಶ ನೀಡಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ದ್ವಿಸದಸ್ಯ ಪೀಠವು ಈ ಪರಿಪಾಠವನ್ನೇ ಉಲ್ಲೇಖಿಸಿ ಎಚ್ಚರಿಸಿತು. ಕಾಯ್ದೆಯ 7ನೇ ಕಲಂ ಹೇಳುವ ವಿಧಿಗಳು ನಡೆಯದಿದ್ದರೆ ಪ್ರಮಾಣಪತ್ರವೊಂದರಿಂದಲೇ ವಿವಾಹ ಸಿದ್ಧಿಸದು ಎಂಬುದು ಅದರ ಸಾರ. ಎಲ್ಲರಿಗೂ ಸಪ್ತಪದಿಯೇ ಕಡ್ಡಾಯವೆಂದು ಇದರರ್ಥವಲ್ಲ. ವಧು ಅಥವಾ ವರನ ಸಮುದಾಯದ ರೂಢಿಯಂತೆ ವಿಧಿ ನಡೆದಿದ್ದರೆ ಸಾಕು.

ಇದಕ್ಕೆ ವಿರುದ್ಧವಾದ ತೊಡಕು ಕೆ-1 ಮಾರ್ಗದಲ್ಲಿದೆ. ನಿಶ್ಚಿತಾರ್ಥದ ದಿನವೇ ಮಾಂಗಲ್ಯಧಾರಣೆಯಾಗಿದ್ದರೆ ಜೋಡಿಯು ವಿವಾಹಿತರೆಂದೇ ಪರಿಗಣಿತವಾಗಿ, ಕೆ-1 ಅರ್ಹತೆ ತಪ್ಪಬಹುದು. ಒಂದೆಡೆ ಶಾಸ್ತ್ರವಿಲ್ಲದ ಕಾಗದ, ಇನ್ನೊಂದೆಡೆ ಕಾಗದವಿಲ್ಲದ ಶಾಸ್ತ್ರ. ಎರಡೂ ತೊಂದರೆಗೆ ದಾರಿ.

ಯಾವ ಕಾಯ್ದೆಯಡಿ ನೋಂದಣಿ?

ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಹಿಂದೂ ವಿವಾಹ ಕಾಯ್ದೆ. ಬೇರೆ ಧರ್ಮದ ವಿದೇಶಿ ಸಂಗಾತಿಯೊಡನೆ ದೇವಸ್ಥಾನದಲ್ಲಿ ಮದುವೆ ನಡೆದರೂ ಕಾನೂನಿನ ಬಲ ಬರುವುದು 1954ರ ವಿಶೇಷ ವಿವಾಹ ಕಾಯ್ದೆಯಿಂದ. ಇದರಡಿ ಒಬ್ಬರಾದರೂ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ನೋಟಿಸಿಗೆ ಮುನ್ನ 30 ದಿನ ವಾಸವಿರಬೇಕು. ನೋಟಿಸಿನ ಬಳಿಕ ಮತ್ತೆ 30 ದಿನ ಕಾಯಬೇಕು. ಹೊನ್ನಾಳಿ ಅಥವಾ ನ್ಯಾಮತಿಯಲ್ಲಿ ವಾಸವಿರುವವರ ಮೂಲಕ ನಿವಾಸದ ಷರತ್ತು ಪೂರೈಸಬಹುದು. ಆದರೆ ಎರಡು ವಾರದ ರಜೆಯಲ್ಲಿ ಬಂದವರು ನೋಟಿಸ್ ಮತ್ತು ವಿವಾಹ ಎರಡನ್ನೂ ಮುಗಿಸಿ ಮರಳುವುದು ಸಾಧ್ಯವಿಲ್ಲ.

ಪರಿಶಿಷ್ಟ ಪಂಗಡದವರಿಗೆ ಕೇಂದ್ರದ ಅಧಿಸೂಚನೆಯಿಲ್ಲದೆ ಹಿಂದೂ ವಿವಾಹ ಕಾಯ್ದೆ ಅನ್ವಯವಾಗದೆಂದು 2(2)ನೇ ಕಲಂ ಹೇಳುತ್ತದೆ. ಜಗಳೂರಿನಂತಹ ಕಡೆ ಈ ಸಮುದಾಯದವರು ವಿಶೇಷ ವಿವಾಹ ಕಾಯ್ದೆಯನ್ನು ಆರಿಸಿಕೊಂಡರೆ ಮುಂದಿನ ವಾದಕ್ಕೆ ಎಡೆಯಿರದು.

ದಾಖಲೆಗಳ ಸಿದ್ಧತೆ

ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಹಾಗೂ ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ಆಗಿರಬೇಕು. ಇನಿಷಿಯಲ್ ಒಂದರಲ್ಲಿ ವಿಸ್ತರಣೆಯಾಗಿ, ಇನ್ನೊಂದರಲ್ಲಿ ಬಿಟ್ಟುಹೋಗಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಜನನ ನೋಂದಣಿಯೇ ಆಗಿರದಿದ್ದರೆ, 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಭೇಟಿಯ ಛಾಯಾಚಿತ್ರ, ಪ್ರಯಾಣದ ಟಿಕೆಟ್, ಸಂಭಾಷಣೆಯ ದಾಖಲೆಗಳನ್ನೂ ಕಾಯ್ದಿರಿಸಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತಾದರೂ ಆಗ ವೀಸಾ ಸೇವೆ ಆರಂಭವಾಗಲಿಲ್ಲ. ವಲಸೆ ವೀಸಾ ಸಂದರ್ಶನಗಳ ಮುಖ್ಯ ಕೇಂದ್ರವಾಗಿ ಬಂದಿರುವುದು ಮುಂಬೈ.

ಭಾರತದಲ್ಲೇ ನೆಲೆಸುವುದಾದರೆ

ವಿದೇಶಿ ಸಂಗಾತಿ ಇಲ್ಲಿಯೇ ಬಾಳಲು ಬಯಸಿದರೆ ಮೊದಲು ಎಕ್ಸ್-2 ಪ್ರವೇಶ ವೀಸಾ, ನೋಂದಾಯಿತ ದಾಂಪತ್ಯ ಸತತ ಎರಡು ವರ್ಷ ಪೂರೈಸಿದ ಬಳಿಕ ಸಾಗರೋತ್ತರ ಭಾರತೀಯ ನಾಗರಿಕ, ಅಂದರೆ ಒಸಿಐ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ಮನೆಯಲ್ಲಿ ವಿದೇಶಿಯರನ್ನು ಉಳಿಸಿಕೊಂಡವರು 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ ನೀಡಬೇಕೆಂಬುದನ್ನೂ ಮರೆಯಬಾರದು.

ಒಟ್ಟಿನಲ್ಲಿ, ಸಂಗಾತಿ ಅಮೆರಿಕದ ಪೌರರಾಗಿದ್ದು ಮದುವೆ ಅಲ್ಲಿಯೇ ನಡೆಯಬೇಕಿದ್ದರೆ ಕೆ-1 ಸೂಕ್ತ. ಮದುವೆ ಊರಿನಲ್ಲಿ ನಡೆಯುವುದು ಖಚಿತವಿದ್ದರೆ, ವಿಧಿಯ ನಂತರ ನೋಂದಣಿ ಮಾಡಿಸಿ ಪತಿ-ಪತ್ನಿ ವೀಸಾ ಕೋರುವುದೇ ಲೇಸು. ಶುಲ್ಕ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ, ಛತ್ರ ಗೊತ್ತುಮಾಡುವ ಮೊದಲು ಆಯಾ ದೇಶದ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳುವುದು ಕ್ಷೇಮ.