ಬಯಲುಸೀಮೆಯ ಕಂಬಳಿ

ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರುಗಳ ಬಯಲಿನಲ್ಲಿ ಕುರಿಯ ಹಿಂದೆ ಅಲೆಯುವವನಿಗೂ ನೇಗಿಲ ಹಿಂದೆ ನಡೆಯುವವನಿಗೂ ಮಳೆಗೆ ಕೊಪ್ಪೆಯಾಗಿ, ಚಳಿಗೆ ಹೊದಿಕೆಯಾಗಿ, ಇರುಳಿಗೆ ಹಾಸಿಗೆಯಾಗಿ ಒದಗುತ್ತಿದ್ದ ವಸ್ತ್ರವು ಕಂಬಳಿಯೊಂದೇ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಲಾರಂಭಿಸಿದ ಫ್ರಾನ್ಸಿಸ್ ಬುಕಾನನ್ ಕುರಿ ಸಾಕಿ ಕಂಬಳಿ ನೆಯ್ಯುವ ಕುರುಬರನ್ನೂ ಅವರ ನೆಯ್ಗೆಯನ್ನೂ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ.

ವರ್ಷಕ್ಕೆರಡು ಬಾರಿ ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ನೂತು ಕೊಟ್ಟ ನೂಲನ್ನು ಗಂಡಸರು ಹಾಸು ಹೂಡಿ, ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು ನೆನೆಯಿಸಿ ಅರೆದು ಕುದಿಸಿದ ಸರಿಯನ್ನು ಬಯಲಿನಲ್ಲಿ ಬಿಗಿದ ಆ ಹಾಸಿಗೆ ಕುಂಚದಿಂದ ಬಳಿದು ಒಣಗಿಸಿ, ಆಮೇಲೆ ಕುಣಿಮಗ್ಗಕ್ಕೆ ಏರಿಸುತ್ತಿದ್ದರು. ಬಣ್ಣದ ಹಂಗೇ ಇರಲಿಲ್ಲ. ಕರಿಯ ಕುರಿಯ ಕರಿಯುಣ್ಣೆಯೇ ಅದರ ಸಹಜಶೋಭೆ. ಹೊಸ ಕಂಬಳಿ ಮೈಗೆ ಚುಚ್ಚುವುದು, ನೆನೆದರೆ ಕಮಟು ನಾರುವುದು, ನಿಜ. ಆದರೆ ಉಣ್ಣೆಯ ಜಿಡ್ಡೂ ನೆಯ್ಗೆಯ ಬಿಗಿಯೂ ಕೂಡಿ ಜಡಿಮಳೆಯನ್ನು ಬಹಳ ಹೊತ್ತು ತಡೆಯುತ್ತಿದ್ದುವು. ಬಿದಿರಿನ ಟೊಳ್ಳಿನಲ್ಲಿ ಸುತ್ತಿಡಬಹುದಾದಷ್ಟು ನವಿರಾದ ಕಂಬಳಿಗಳೂ ಹಿಂದೆ ಇದ್ದುವೆಂಬ ಮಾತುಂಟು. ಅವು ಶ್ರೀಮಂತರ ವಿಲಾಸವಾಗಿರಬೇಕಲ್ಲದೆ ಕುರಿಗಾಹಿಯ ಹೆಗಲಿಗೆ ಬಂದಿರಲಾರವು.

ಸಂತೆಯಲ್ಲಿ ಕೊಳ್ಳುವವನು ಕಂಬಳಿಯನ್ನು ಬೆಳಕಿಗೆ ಹಿಡಿದು ಸಂದು ನೋಡಿ, ಅಂಚನ್ನು ಜಗ್ಗಿ, ಅಂಗೈಯಲ್ಲಿ ತೂಗಿ, ಅನಂತರವೇ ಚೌಕಾಸಿಗೆ ಇಳಿಯುವನು. ಕುರಿಯನ್ನು ಬಲ್ಲವನಿಗೆ ಉಣ್ಣೆಯ ವಿಷಯದಲ್ಲಿ ಮೋಸಮಾಡುವುದು ಸುಲಭವಲ್ಲ; ನೆಯ್ದವನ ಹಟ್ಟಿಯೂ ದೂರವಿರದುದರಿಂದ, ಕೆಟ್ಟ ಕಂಬಳಿ ಮಾರಿದವನು ಮುಂದಿನ ವಾರ ಅದೇ ಮುಖವನ್ನು ಎದುರಿಸಬೇಕಾಗುತ್ತಿತ್ತು. ಈ ದಾಕ್ಷಿಣ್ಯಕ್ಕಿಂತ ದೊಡ್ಡ ಮುದ್ರೆ ಯಾವ ಗಿರಣಿಯ ಸರಕಿಗೂ ದೊರೆತಿಲ್ಲವೆಂದೇ ನನ್ನ ಭಾವನೆ.

1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆಯ ಗಿರಣಿ ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಮೆತ್ತನೆಯ ರಗ್ಗುಗಳೂ ಪ್ಲಾಸ್ಟಿಕ್ ಹಾಳೆಗಳೂ ಸಂತೆಗೆ ಬಂದುವು. ಗಿರಣಿಯನ್ನೇ ದೂರುವುದು ವಾಡಿಕೆ. ಆದರೆ ಕಂಬಳಿಯ ಬುಡಕ್ಕೆ ಬಿದ್ದ ಪೆಟ್ಟು ಕುರಿಯ ಹಿಂಡಿನೊಳಗಿನಿಂದಲೂ ಬಂದಿತು. ಮಾಂಸದ ಬೆಲೆ ಏರಿದಂತೆ ಉಣ್ಣೆ ಕಡಮೆಯಿರುವ, ಬೇಗ ಬೆಳೆಯುವ ತಳಿಗಳನ್ನು ಸಾಕುವುದು ಹೆಚ್ಚಿತು. ಉಣ್ಣೆಯಿಂದ ಬರುವ ಹಣ ಕತ್ತರಿಸುವ ಕೂಲಿಗೂ ಸಾಲದಾಗಿ, ಎಷ್ಟೋ ಕಡೆ ಅದನ್ನು ಹೊಲದಲ್ಲೇ ಬಿಸಾಡುವಂತಾಯಿತು. ಕುರುಬರ ದೈವವಾದ ಬೀರದೇವರ ಗದ್ದುಗೆಗೆ ಇಂದಿಗೂ ಕರಿಯ ಕಂಬಳಿಯೇ ಬೇಕು; ಅದನ್ನು ನೆಯ್ದುಕೊಡಬಲ್ಲವರ ಮಗ್ಗಕ್ಕೆ ವರ್ಷದ ಉಳಿದ ದಿನಗಳಲ್ಲಿ ಕೆಲಸ ಕೊಡುವವರು ಮಾತ್ರ ವಿರಳರು.